ಎರಡು ಹೊನ್ನಮೀನುಗಳು

ವೈಟ್‌ಫೀಲ್ಡಿನ ನಮ್ಮ ಪಾಠಶಾಲೆಯ ಎಂಟನೆಯ ತರಗತಿಗೆ ದುಂಡನೆಯ ಗಾಜಿನ ಬೋಗುಣಿಯೊಂದನ್ನೂ ಎರಡು ಹೊನ್ನಮೀನುಗಳನ್ನೂ ನಾನೇ ಕೊಂಡು ತಂದಿದ್ದೆನು. ನಾಲ್ಕು ಲೀಟರ್ ಹಿಡಿಯುವ ಆ ಬೋಗುಣಿ ಮೇಜಿನ ಮೇಲೆ ಬಹು ಅಂದವಾಗಿ ತೋರುತ್ತಿತ್ತು. ಒಂದು ಸೋಮವಾರ ಬಾಗಿಲು ತೆರೆದಾಗ ಎರಡೂ ಸತ್ತು ತೇಲುತ್ತಿದ್ದವು. “ಅವಕ್ಕೆ ಹಸಿವಾಯಿತೇ, ಟೀಚರ್?” ಎಂದು ಹುಡುಗಿಯೊಬ್ಬಳು ಕೇಳಿದಳು. ತಪ್ಪು ನನ್ನದೆಂದು ಹೇಳಲು ಆ ದಿನ ನನಗೆ ಬಾಯಿ ಬರಲಿಲ್ಲ.

ಮೀನು ಹೊರಬಿಡುವ ಅಮೋನಿಯವು ಅಲ್ಪ ನೀರಿನಲ್ಲಿ ಬೇಗನೆ ವಿಷವಾಗುವದು. ಪ್ರಾಣವಾಯುವಾದರೋ ನೀರಿನ ಮೇಲ್ಮೈಯಿಂದಲೇ ಒಳಸೇರತಕ್ಕದ್ದು. ಬೋಗುಣಿಯ ಕಂಠವೋ ಕಿರಿದು. ಆದಕಾರಣ, ಚಿಕ್ಕದಾದರೆ ಮಕ್ಕಳಿಗೆ ಸುಲಭವೆನ್ನುವ ತಾಯಂದಿರಿಗೆ ನಾನೀಗ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ಹೇಳುತ್ತೇನೆ. ಅದು ಸುಮಾರು 56 ಲೀಟರ್ ಹಿಡಿಯುವದು. ನೀರೊಂದೇ 56 ಕಿಲೋ ತೂಗುವದರಿಂದ ಗಟ್ಟಿಯಾದ ಮೇಜು ಬೇಕು. ಅದೂ ಗಪ್ಪಿಯಂಥ ಸಣ್ಣ ಮೀನುಗಳಿಗೆ. ಹೊನ್ನಮೀನು ಗೇಣುದ್ದ ಬೆಳೆಯುವಂಥದು. ಟ್ಯಾಂಕರಿನ ದಾರಿ ಕಾಯುವ ನಮ್ಮೂರಿನವರು ಅಂಜಬೇಕಾಗಿಲ್ಲ: ವಾರಕ್ಕೊಮ್ಮೆ ಕಾಲುಭಾಗ, ಎಂದರೆ ಒಂದು ಬಕೆಟ್ಟಿನಷ್ಟು, ಬದಲಿಸಿದರೆ ಸಾಕು.

ಮರುವರ್ಷ ಅಂಥ ತೊಟ್ಟಿ ಬಂದ ದಿನ ಆ ಹುಡುಗಿಯನ್ನು ಕರೆದು ನಿಜವನ್ನು ಹೇಳಿದೆನು. “ನನಗೆ ಗೊತ್ತಿತ್ತು, ಟೀಚರ್” ಅಂದಳು. ಬೋಗುಣಿಯಲ್ಲಿ ಈಗ ಸೀಮೆಸುಣ್ಣ ಇಡುತ್ತೇವೆ.