ಸೊಪ್ಪೂ ಸುಣ್ಣವೂ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಲ್ಲಿ ಎರಡು ಭಾಷೆಗಳನ್ನು ಬಲ್ಲವನು ಪಂಡಿತನೆನಿಸುವುದಿಲ್ಲ. ಕನ್ನಡವೂ ತೆಲುಗೂ ಅಲ್ಲಿ ಒಂದೇ ಬೀದಿಯಲ್ಲಿ ನಡೆದಾಡುತ್ತವೆ. ಮಕ್ಕಳು ಎರಡನ್ನೂ ಪುಸ್ತಕವಿಲ್ಲದೆ ಕಲಿಯುತ್ತಾರೆ. ಅಂಗಡಿಯಲ್ಲಿ ಎಣ್ಣೆ ಕೇಳಿದಾಗ ಎಣ್ಣೆಯೇ ಬಂದರೆ ಮಾತು ಸರಿ; ಬೆಲ್ಲ ಬಂದರೆ ತಪ್ಪು. ಇದಕ್ಕಿಂತ ನಿಷ್ಪಕ್ಷಪಾತಿಯಾದ ಪರೀಕ್ಷಕನಿಲ್ಲ.

ಆದರೆ ಬೆಳೆದ ಮೇಲೆ ದೂರದಿಂದ ಬಂದವನಿಗೆ ಈ ಸೌಲಭ್ಯವೆಲ್ಲಿ? ಉತ್ತರದೇಶದ ತರುಣನೊಬ್ಬನು ಇಲ್ಲಿನ ಹುಳುಮನೆಯೊಂದಕ್ಕೆ ಕೂಲಿಗೆ ಬಂದನು. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಆ್ಯಪ್ ಒಂದನ್ನು ತೆರೆದು ಶ್ರದ್ಧೆಯಿಂದ ಕನ್ನಡವನ್ನು ಅಭ್ಯಾಸಮಾಡುತ್ತಿದ್ದನು. ಚಿತ್ರಕ್ಕೆ ಪದವನ್ನು ಜೋಡಿಸಿದರೆ ಅಂಕ. ನಾಳೆಯೂ ತಪ್ಪದೆ ಬಂದರೆ ಮತ್ತಷ್ಟು ಅಂಕ. ಒಂದು ಸಂಜೆ ಯಜಮಾನಿಯು, “ಹುಳ ಜ್ವರಕ್ಕೆ ಕೂತವೆ. ಸೊಪ್ಪು ಹಾಕಬೇಡಪ್ಪ, ಸುಣ್ಣ ಹಾಕು” ಎಂದು ಅವಸರದಲ್ಲಿ ಹೇಳಿ ಹೊರಗೆ ಹೋದಳು. ಅವನ ಪಾಠದಲ್ಲಿ ಜ್ವರವೆಂದರೆ ವೈದ್ಯನ ಬಳಿಗೆ ಹೋಗತಕ್ಕ ವ್ಯಾಧಿ. ಕಾಯಿಲೆಯ ಜೀವಗಳಿಗೆ ಆಹಾರ ಬೇಕಲ್ಲವೆ ಎಂದು ಬಗೆದು ಅವನು ತಟ್ಟೆಗಳ ತುಂಬ ಸೊಪ್ಪನ್ನು ಹರಡಿದನು. ಹುಳು ಪೊರೆ ಬಿಡುವ ಕಾಲಕ್ಕೆ ರೇಷ್ಮೆ ಕಸುಬಿನವರು ಜ್ವರವೆನ್ನುತ್ತಾರೆ. ಆಗ ಮೇವು ನಿಲ್ಲಬೇಕು, ಹಾಸಿಗೆ ಒಣಗಿರಬೇಕು. ಜ್ವರದಿಂದೆದ್ದ ಹುಳುಗಳು ಒಂದೇ ಸಮನಾಗಿರಲಿಲ್ಲ. ಗೂಡೂ ಸಮನಾಗಿ ಬರಲಿಲ್ಲ. ತರುಣನ ಅಂಕಗಳು ಮಾತ್ರ ಆ ರಾತ್ರಿಯೂ ಏರಿದುವು.

ಇಂಥ ಆ್ಯಪ್‌ಗಳು ಬೋಧನೆಯ ಇತರ ಸಾಧನಗಳಿಂದ ಪಡೆಯತಕ್ಕದ್ದು ಬಹಳ ಉಂಟು. ಭೌತವಿಜ್ಞಾನಿ ಕಾರ್ಲ್ ವೀಮನ್ನರು 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ‘ಫೆಟ್’ ಎಂಬುದರಲ್ಲಿ ವಿದ್ಯಾರ್ಥಿಯು ಲೋಲಕದ ದಾರವನ್ನು ತಾನೇ ಉದ್ದಮಾಡಿ, ಅದರ ತೂಗಾಟವು ನಿಧಾನವಾಗುವುದನ್ನು ಕಣ್ಣಾರೆ ಕಾಣುತ್ತಾನೆ. ಅಲ್ಲಿ ಕಾರ್ಯದ ಫಲವೇ ಉತ್ತರ. ಭಾಷೆಯ ಪಾಠವೂ ಹೀಗೇಕಾಗಬಾರದು? ಯಜಮಾನಿಯ ಮಾತನ್ನು ಕೇಳಿಸಿ, ಸೊಪ್ಪು ಸುಣ್ಣಗಳೆರಡನ್ನೂ ತೆರೆಯ ಮೇಲಿಟ್ಟು, ಆರಿಸಿಕೊಂಡದ್ದರ ಪರಿಣಾಮವನ್ನು ಮರುದಿನದ ತಟ್ಟೆಯಲ್ಲಿ ತೋರಿಸಿದರೆ ಸಾಕು. ಚಿತ್ರದ ಹುಳು ಕೆಟ್ಟರೆ ಯಾರಿಗೂ ನಷ್ಟವಿಲ್ಲ. ಪದವು ಮಾತ್ರ ಮರೆಯದು.

ಇಂಥ ಪಾಠವನ್ನು ಬರೆಯುವವರಾರು? ಭಾರತ ಸರ್ಕಾರವು 2021ರಲ್ಲಿ ಹೊರತಂದ ‘ಭಾಷಾ ಸಂಗಮ’ವು 22 ಭಾಷೆಗಳಲ್ಲಿ ನಿತ್ಯಬಳಕೆಯ ನೂರಕ್ಕೆ ಮೇಲ್ಪಟ್ಟ ವಾಕ್ಯಗಳನ್ನು ಒದಗಿಸಿತು, ಅದು ಒಳ್ಳೆಯ ಆರಂಭ. ಆದರೆ ಊರೂರಿನ ಕಸುಬಿನ ಮಾತು ದೆಹಲಿಯಲ್ಲಿ ಕುಳಿತವರಿಗೆ ತಿಳಿಯುವುದೆಂತು? ಇಲ್ಲಿ 2007ರಲ್ಲಿ ಮೆಸಾಚುಸೆಟ್ಸ್ ತಂತ್ರವಿದ್ಯಾಸಂಸ್ಥೆಯಿಂದ ಬಂದ ‘ಸ್ಕ್ರ್ಯಾಚ್’ ದಾರಿ ತೋರುತ್ತದೆ. ಅದರಲ್ಲಿ ಒಂದು ಮಗು ಮಾಡಿದ ಆಟವನ್ನು ಇನ್ನೊಂದು ಮಗು ಬಿಚ್ಚಿ ನೋಡಿ, ತಿದ್ದಿ, ಮತ್ತೆ ಹಂಚಬಹುದು. ಅಂತೆಯೇ ಹುಳುಮನೆಯ ಪಾಠವನ್ನು ಸಾದಲಿಯವರೇ ತಮ್ಮ ಧ್ವನಿಯಲ್ಲಿ ರಚಿಸಲಿ. ರಾಮನಗರದವರು ಅದನ್ನು ತಮ್ಮ ಮಾತಿಗೆ ತಿದ್ದಿಕೊಳ್ಳಲಿ.

ಮುಂದಿನ ಬೆಳೆಯಲ್ಲಿ ಯಜಮಾನಿಯು ಆ ತರುಣನನ್ನು ತಟ್ಟೆಯ ಬಳಿಗೆ ಕರೆದು, ತಲೆಯೆತ್ತಿ ನಿಶ್ಚಲವಾಗಿ ನಿಂತ ಹುಳುವೊಂದನ್ನು ತೋರಿಸಿ, “ನೋಡಪ್ಪ, ಇದೇ ಜ್ವರ” ಎಂದಳು. ಅವನು ಏನೂ ಕೇಳದೆ ಹೋಗಿ ಸುಣ್ಣದ ಡಬ್ಬವನ್ನು ತಂದನು.