ಚಿತ್ರದಲ್ಲಿ ಕಂಡ ನಾದ

ಸ್ಮರಣ ಸಂಚಿಕೆಗಾಗಿ ನಾಲ್ಕು ಮಾತು ಬರೆಯಬೇಕೆಂದು ಅಪ್ಪಣೆಯಾದಾಗ ನಮಗೆ ಮೊದಲು ನೆನಪಿಗೆ ಬಂದುದು ಹಾರ್ಮೋನಿಯಮ್ ಇದ್ದ ಆ ಮೂಲೆಯ ಕೋಣೆ, ಮತ್ತು ಅಲ್ಲಿ ಸಂಗೀತದ ಅಕ್ಕನವರು ತೆರೆದು ತೋರಿಸಿದ ಒಂದು ಚಿತ್ರ. ಆ ಚಿತ್ರದ ದೆಸೆಯಿಂದ ನಾವು ಒಂದು ತಪ್ಪು ಮಾಡಿದೆವು. ಅದನ್ನು ಹಳೆಯ ಗೆಳತಿಯರ ಮುಂದೆ ಒಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ತಕ್ಕ ಸಂದರ್ಭವು ಬೇರೊಂದಿಲ್ಲ.

ನಾವು ಆಳಂದ ತಾಲ್ಲೂಕಿನ ಜಿಡಗಾ ಗ್ರಾಮದವರು. ತಗಡಿನ ಪೆಟ್ಟಿಗೆ ಹೊತ್ತುಕೊಂಡು ಬೋರ್ಡಿಂಗಿಗೆ ಬಂದಾಗ ನಮಗೆ ಗೊತ್ತಿದ್ದ ಸಂಗೀತವೆಂದರೆ ಅವ್ವ ನಸುಕಿನಲ್ಲಿ ಜೋಳ ಬೀಸುತ್ತ ಹಾಡುತ್ತಿದ್ದ ಪದಗಳಷ್ಟೇ. ಶಾಲೆಯಲ್ಲಿ ಸ್ವರಗಳನ್ನು ಹೆಸರಿಟ್ಟು ಕರೆಯುವುದನ್ನು ಕಂಡು ನಾವು ಬೆರಗಾದೆವು. ಎಷ್ಟು ಹೇಳಿದರೂ ಅವು ನಮ್ಮ ತಲೆಗೆ ಹತ್ತಲಿಲ್ಲ. ಆಗ ಅಕ್ಕನವರು ಸಂಗೀತದ ಇತಿಹಾಸವನ್ನು ಕುರಿತ ಒಂದು ದಪ್ಪ ಗ್ರಂಥವನ್ನು ತಂದು, ಅದರಲ್ಲಿ ಅಚ್ಚಾಗಿದ್ದ ಒಂದು ಅಂಗೈಯನ್ನು ತೋರಿಸಿದರು. ಬೆರಳಿನ ಒಂದೊಂದು ಗೆಣ್ಣಿನ ಮೇಲೂ ಒಂದೊಂದು ಸ್ವರದ ಹೆಸರಿತ್ತು. ಹನ್ನೊಂದನೆಯ ಶತಮಾನದ ಇಟಲಿಯ ಸನ್ಯಾಸಿ ಗ್ವೀದೋ ಎಂಬವನ ಹೆಸರಿನಿಂದ ಪ್ರಸಿದ್ಧವಾದ ಈ ಹಸ್ತವು ಯೂರೋಪಿನಲ್ಲಿ ಮುದ್ರಣಕಲೆಯು ಹಬ್ಬಿದ ಮೇಲೆ ಅನೇಕ ಸಂಗೀತಶಾಸ್ತ್ರ ಗ್ರಂಥಗಳಲ್ಲಿ ಅಚ್ಚಾಯಿತು. ಅವ್ವನೂ ಪದದ ನುಡಿಗಳನ್ನು ಬೆರಳ ಗೆಣ್ಣುಗಳ ಮೇಲೆಯೇ ಎಣಿಸುತ್ತಿದ್ದಳು; ಆದರೆ ಆಗ ಅದು ನಮಗೆ ಹೊಳೆಯಲಿಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ಚಿತ್ರವಿತ್ತು. ಅದು ಮಿಲಾನ್ ನಗರದ ಪ್ರಧಾನ ದೇವಾಲಯದಲ್ಲಿ ಗಾಯನದ ಮುಖ್ಯಸ್ಥನಾಗಿದ್ದ ಫ್ರಾಂಕಿನೋ ಗಫೂರಿಯೊ ಎಂಬ ವಿದ್ವಾಂಸನು 1492ರಲ್ಲಿ ಅಚ್ಚು ಹಾಕಿಸಿದ ಶಾಸ್ತ್ರಗ್ರಂಥದೊಳಗಿನದು. ಮರದ ಅಚ್ಚಿನ ಆ ಚಿತ್ರಕ್ಕೆ ನಾಲ್ಕು ಭಾಗಗಳು. ಮೊದಲನೆಯದರಲ್ಲಿ ಕಂಬಾರರು ಅಡಿಗಲ್ಲಿನ ಸುತ್ತ ನಿಂತು ಸುತ್ತಿಗೆ ಬಡಿಯುತ್ತಿರುವರು. ಆದಿಕಾಂಡದಲ್ಲಿ ವಾದ್ಯಗಾರರ ಪೂರ್ವಿಕನೆಂದು ಬರುವ ಯೂಬಾಲನು ಬಳಿಯಲ್ಲಿರುವನು. ಉಳಿದ ಭಾಗಗಳಲ್ಲಿ ಗ್ರೀಕರ ಪಿಥಾಗೊರಸನು ಗಂಟೆಗಳನ್ನೂ, ನೀರು ತುಂಬಿದ ಲೋಟಗಳನ್ನೂ, ಭಾರ ಕಟ್ಟಿದ ತಂತಿಗಳನ್ನೂ, ಕೊಳಲುಗಳನ್ನೂ ಪರೀಕ್ಷಿಸುತ್ತಿರುವನು. ಎಲ್ಲದರ ಮೇಲೂ 4, 6, 8, 9, 12, 16 ಎಂಬ ಅಂಕಿಗಳಿವೆ. ಕಂಬಾರಶಾಲೆಯ ಮುಂದೆ ಹೋಗುತ್ತಿದ್ದ ಪಿಥಾಗೊರಸನು ಸುತ್ತಿಗೆಗಳ ಇಂಪಾದ ಸದ್ದು ಕೇಳಿ ಅವುಗಳನ್ನು ತೂಗಿಸಲು, 12ಕ್ಕೆ 6ರ ತೂಕದ್ದು ಮೇಲಿನ ಷಡ್ಜವನ್ನೂ, 8ರದು ಪಂಚಮವನ್ನೂ, 9ರದು ಮಧ್ಯಮವನ್ನೂ ನುಡಿಯಿತೆಂದು ಕಥೆ. ಅಕ್ಕನವರು ಅದನ್ನು ಬಹು ರಸವತ್ತಾಗಿ ಹೇಳಿದರು. ಪುಸ್ತಕದಲ್ಲಿರುವುದು ದಿಟವೇ ಎಂದು ನಾವು ನಂಬಿದೆವು.

ಬೇಸಿಗೆಯ ರಜೆಗೆ ಊರಿಗೆ ಹೋದಾಗ ಅವ್ವ ಎಂದಿನಂತೆ ಬೀಸುತ್ತ ಹಾಡುತ್ತಿದ್ದಳು. ನಾವು ವಿದ್ಯಾವಂತರ ಠೀವಿಯಿಂದ, "ಅವ್ವಾ, ನಿನ್ನ ಪದ ಯಾವ ಪುಸ್ತಕದಾಗೂ ಇಲ್ಲ, ಇದಕ್ಕ ಸಂಗೀತ ಅನ್ನೂದಿಲ್ಲ" ಎಂದೆವು. ಅವ್ವ ಏನೂ ಅನ್ನಲಿಲ್ಲ. ಬೀಸುವುದನ್ನು ನಿಲ್ಲಿಸಲೂ ಇಲ್ಲ. ಹಾಡುವುದನ್ನು ಮಾತ್ರ ನಿಲ್ಲಿಸಿದಳು.

ಅದೇ ವಾರ ನಾವು ಊರ ಕಂಬಾರರ ಕುಲುಮೆಗೆ ಹೋಗಿ, ಸಣ್ಣ ಸುತ್ತಿಗೆಯಿಂದ ಒಮ್ಮೆ, ಅದರ ಇಮ್ಮಡಿ ತೂಕದ್ದರಿಂದ ಒಮ್ಮೆ ಬಡಿಯಿರೆಂದು ಬೇಡಿಕೊಂಡೆವು. ಅವರು ಬಡಿದರು. ಸದ್ದು ಒಂದು ಜೋರಾಯಿತು, ಒಂದು ಮೆಲ್ಲಗಾಯಿತು, ಸ್ವರ ಬದಲಾಗಲಿಲ್ಲ. "ಕಾಕಾ, ಪುಸ್ತಕದಾಗ ಹಿಂಗಿಲ್ಲ" ಎಂದಾಗ ಅವರು ನಕ್ಕು, "ದನಿ ಬರೂದು ಅಡಿಗಲ್ಲಿಂದವ್ವಾ, ಸುತ್ತಿಗಿ ಯಾವುದಾದರೇನು?" ಎಂದರು.

ಬಹು ವರ್ಷಗಳ ಮೇಲೆ ನಮಗೆ ತಿಳಿದುದೇನೆಂದರೆ, ಆ ಕಾಕಾ ನುಡಿದುದೇ ಸರಿ. ಆ ಅಂಕಿಗಳು ತಂತಿಯ ಉದ್ದಕ್ಕೆ ಒಪ್ಪುವುವು. ಅರ್ಧ ಉದ್ದದ ತಂತಿಯು ಮೇಲಿನ ಷಡ್ಜವನ್ನು ಕೊಡುವುದು ನಿಜ. ಆದರೆ ಸುತ್ತಿಗೆಯ ತೂಕಕ್ಕೂ, ತಂತಿಗೆ ಕಟ್ಟಿದ ಭಾರಕ್ಕೂ ಅವು ಸಲ್ಲವು. ಒಂದೇ ತಂತಿಯಲ್ಲಿ ಮೇಲಿನ ಷಡ್ಜ ಬರಬೇಕಾದರೆ ಭಾರವು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗಬೇಕು. ಇದನ್ನು 1589ರಲ್ಲಿ ಪ್ರಕಟಿಸಿದವನು ಖಗೋಳಜ್ಞ ಗೆಲಿಲಿಯೋನ ತಂದೆಯಾದ ವಿಂಚೆಂತ್ಸೊ ಗೆಲಿಲಿ ಎಂಬ ವೀಣೆಗಾರ. ಶತಶತಮಾನಗಳಿಂದ ಪಂಡಿತರು ಬರೆದುದನ್ನೇ ಬರೆಯುತ್ತಿದ್ದರು. ತಂತಿಗೆ ಭಾರ ಕಟ್ಟಿ ಕಿವಿಗೊಟ್ಟು ಕೇಳಿದವರು ಅಪರೂಪ.

ಸಂಗೀತವನ್ನು ಚಿತ್ರದಲ್ಲಿ ಬರೆಯುವ ಈ ಹವ್ಯಾಸವು ಪರದೇಶಕ್ಕೆ ಮಾತ್ರ ಸೇರಿದುದೆಂದು ತಿಳಿಯಬಾರದು. ಅದೇ ಶತಮಾನದಲ್ಲಿ ನಮ್ಮ ನೆರೆಯ ಬಿಜಾಪುರದಲ್ಲಿಯೂ ಅದು ನಡೆದಿತ್ತು. ಜವಾಹಿರ್-ಉಲ್-ಮೂಸಿಕಾತ್-ಇ-ಮುಹಮ್ಮದಿ ಎಂಬ ಸಂಗೀತಶಾಸ್ತ್ರದ ಸಚಿತ್ರ ಹಸ್ತಪ್ರತಿಯು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಚಿತ್ರಗಳು ಸುಮಾರು 1570ರವೆಂದೂ, ಪಾರಸಿಯ ಬರಹವು 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್ ಶಾಹನ ಕಾಲದ್ದೆಂದೂ ವಿದ್ವಾಂಸರು ಹೇಳಿರುವರು. ಅಲ್ಲಿ ರಾಗರಾಗಿಣಿಯರು ಮನುಷ್ಯರೂಪದಲ್ಲಿ ಕಾಣಿಸಿಕೊಳ್ಳುವರು. ಇವರಿಬ್ಬರ ನಡುವೆ ಆಳಿದ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನು ಕಿತಾಬ್-ಇ-ನವರಸದಲ್ಲಿ ದಖ್ಖನಿಯ ಪದಗಳನ್ನು ರಾಗಗಳ ಹೆಸರಿನಡಿಯಲ್ಲಿ ರಚಿಸಿ, ಸರಸ್ವತಿಯನ್ನೂ, ನಮ್ಮ ಕಲಬುರಗಿಯ ಬಂದೇ ನವಾಜರನ್ನೂ ಕೊಂಡಾಡಿದನು. ಶಿವಗಂಗೆಯ ಬಳಿಯ ಸಾತನೂರಿನ ಕನ್ನಡಿಗನಾದ ಪುಂಡರೀಕ ವಿಠ್ಠಲನು ಉತ್ತರಕ್ಕೆ ಹೋಗಿ 1576ರಲ್ಲಿ ಬರೆದ ಸಂಸ್ಕೃತದ ರಾಗಮಾಲೆಯಲ್ಲಿಯೂ ರಾಗಗಳಿಗೆ ರೂಪಗಳನ್ನು ಹೇಳಿರುವನು. ಮಿಲಾನಿನ ಚಿತ್ರವು ಸ್ವರಕ್ಕೆ ಅಂಕಿ ಕೊಟ್ಟಿತು. ನಮ್ಮವರ ಚಿತ್ರವು ರಾಗಕ್ಕೆ ಮುಖ ಕೊಟ್ಟಿತು.

ಅವ್ವ ಮುಪ್ಪಿನಲ್ಲಿದ್ದಾಗ ನಾವು ಒಂದು ರಾಗಮಾಲಾ ಚಿತ್ರದ ಅಚ್ಚನ್ನು ಜಿಡಗಾಕ್ಕೆ ಒಯ್ದೆವು. ಅದು ತೋಡಿ ರಾಗಿಣಿ: ಕೈಯಲ್ಲಿ ವೀಣೆ, ಸುತ್ತ ಜಿಂಕೆಗಳು. ಮನೆಗೆ ಗಿರಣಿಯ ಹಿಟ್ಟು ಬರುತ್ತಿದ್ದ ಕಾಲ. ಬೀಸುಕಲ್ಲು ಮೂಲೆ ಸೇರಿತ್ತು. ಅಕ್ಷರವರಿಯದ ಅವ್ವ ಚಿತ್ರವನ್ನು ಬಹಳ ಹೊತ್ತು ನೋಡಿ, "ಈಕಿ ಯಾರ ಮಗಳವ್ವಾ, ಅಡವ್ಯಾಗ ಒಬ್ಬಾಕಿನೇ ನಿಂತಾಳ?" ಎಂದು ಕೇಳಿದಳು. ಆಮೇಲೆ ತಾನಾಗಿಯೇ, ಹೆಬ್ಬೆರಳನ್ನು ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ, ಗಂಡನ ಮನೆಗೆ ಹೊರಟ ಮಗಳ ಪದವನ್ನು ಹಾಡತೊಡಗಿದಳು. ಅಕ್ಕನವರು ತೋರಿಸಿದ ಅಂಗೈ ಅಂದು ನಮ್ಮ ಕಣ್ಣ ಮುಂದೆ ಹಾಡುತ್ತಿತ್ತು. ನಾವು ನೋಟುಪುಸ್ತಕ ತೆಗೆದು ಬರೆದುಕೊಂಡೆವು. ಆ ಪುಸ್ತಕದ ಅರ್ಧ ಮಾತ್ರ ತುಂಬಿತು. ಮುಂದಿನ ಸುಗ್ಗಿಗೆ ಅವ್ವ ಇರಲಿಲ್ಲ. ನಾವು ಹುಡುಗತನದಲ್ಲಿ ಬಾಯಿ ಬಿಗಿಹಿಡಿದಿದ್ದರೆ ಉಳಿದರ್ಧವೂ ತುಂಬುತ್ತಿತ್ತೇನೋ.

ಶಾಲೆಯ ಋಣವನ್ನು ನಾವು ಮರೆತವರಲ್ಲ. ಗ್ರಂಥಗಳ ಕಡೆಗೆ ನಮ್ಮ ಕಣ್ಣು ತೆರೆಸಿದವರು ಇಲ್ಲಿಯ ಅಕ್ಕನವರೇ, ಅವ್ವನ ಪದಗಳನ್ನು ಬರೆದುಕೊಳ್ಳಲು ಅಕ್ಷರ ಕೊಟ್ಟವರೂ ಅವರೇ. ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೇ: ಮಕ್ಕಳಿಗೆ ಪುಸ್ತಕ ಕೊಡಿಸಿರಿ, ಅದರಲ್ಲಿ ಬರೆದುದನ್ನು ಕಂಬಾರನ ಕುಲುಮೆಯವರೆಗೆ ಒಯ್ದು ಪರೀಕ್ಷಿಸುವುದನ್ನೂ ಕಲಿಸಿರಿ. ಗೆಳತಿಯರೇ, ನಿಮ್ಮ ಮನೆಗಳಲ್ಲಿ ಹಾಡುವ ಹಿರಿಯರು ಇನ್ನೂ ಇದ್ದರೆ, ಈ ಸಂಚಿಕೆಯನ್ನು ಮಡಚಿಟ್ಟು, ಒಂದು ನೋಟುಪುಸ್ತಕವನ್ನು ಹಿಡಿದು ಅವರ ಬಳಿ ಕುಳಿತುಕೊಳ್ಳಿರಿ.