ಘಟ್ಟ ಇಳಿದು ಬಂದ ಉಮಿ

ಬೆಳ್ಳಾರೆ, ಪಂಜ, ಕಾಣಿಯೂರು ಕಡೆ ಕೋಳಿಗೆ ಏನು ಹಾಸುವುದು ಎಂದು ಹಿಂದೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಕಡಬ ಇನ್ನೂ ಪುತ್ತೂರು ತಾಲೂಕಿನೊಳಗೇ ಇದ್ದ ಕಾಲ ಅದು. ಹಗಲಿಡೀ ಗೊಬ್ಬರದ ಗುಂಡಿ ಕೆದಕುತ್ತಿದ್ದ ಊರಕೋಳಿಗಳು ಮುಸ್ಸಂಜೆಗೆ ತಾವಾಗಿಯೇ ಮರದ ಗೂಡು ಸೇರುತ್ತಿದ್ದವು. ಗೂಡಿನೊಳಗೆ ಒಲೆಯ ಬೂದಿ ಚೆಲ್ಲಿದರೆ ಹೇನಿಗೂ ಅದೇ ಮದ್ದು, ನಾತಕ್ಕೂ ಅದೇ. ಕಾವು ಕೂತ ಹೇಂಟೆಗೆ ಮಾತ್ರ ಹಳೆ ಬುಟ್ಟಿಯಲ್ಲಿ ಬೈಹುಲ್ಲಿನ ಉಪಚಾರ. ಗುಡ್ಡದಿಂದ ಗುಡಿಸಿ ತಂದ ತರಗೆಲೆ ಏನಿದ್ದರೂ ಹಟ್ಟಿಗೆ, ದನಗಳ ಕಾಲಡಿಗೆ.

ಹಾಸಿನ ಚಿಂತೆ ಹುಟ್ಟಿದ್ದು ಬ್ರಾಯ್ಲರ್ ಬಂದ ಮೇಲೆ. ಕಂಪೆನಿಯವರದ್ದು ಮರಿ, ಆಹಾರ, ಮದ್ದು. ನಮ್ಮದು ಶೆಡ್ಡು, ಕರೆಂಟು, ದುಡಿಮೆ, ಜೊತೆಗೆ ನೆಲಕ್ಕೆ ಹಾಸುವ ಉಮಿ. ಕೋಳಿಗೆ ಹೆಚ್ಚುಕಡಿಮೆ 1 ಚದರಡಿ ಜಾಗ. ತಿನ್ನುವುದು, ಕುಡಿಯುವುದು, ಹಿಕ್ಕೆ ಹಾಕುವುದು ಎಲ್ಲ ಸುಮಾರು 40 ದಿನ ಅಲ್ಲೇ. ಅದಕ್ಕೆ ಸಿಮೆಂಟಿನ ಮೇಲೆ 2–3 ಇಂಚು ಉಮಿ ಬೀಳಲೇಬೇಕು.

ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆದ ಬೈಲುಗಳಲ್ಲಿ ಉಮಿಗೇನು ಬರ ಎಂದು ಕೇಳಬಹುದು. ಫಾರ್ಮುಗಳು ಏಳುವ ಹೊತ್ತಿಗೆ ಆ ಗದ್ದೆಗಳಲ್ಲಿ ಅಡಿಕೆ ಸಸಿ ಎದ್ದು ನಿಂತಿತ್ತು, ಗುಡ್ಡಕ್ಕೆ ರಬ್ಬರು ಹತ್ತಿತ್ತು. ಗದ್ದೆ ಇದ್ದಾಗಲೂ ಬೇಕಾದ ಉಮಿ ಸಿಗುತ್ತಿತ್ತು ಎನ್ನುವಂತಿರಲಿಲ್ಲ ಬಿಡಿ. ಕುಚ್ಚಲಕ್ಕಿ ಮಿಲ್ಲಿನವರು ತಮ್ಮ ಉಮಿಯನ್ನು ಭತ್ತ ಬೇಯಿಸುವ ಒಲೆಗೇ ಹಾಕುತ್ತಿದ್ದರು. ಸಣ್ಣ ಹಲ್ಲರಿನಲ್ಲಿ ಅದು ನುಚ್ಚಾಗಿ ತವುಡಿನ ಜೊತೆ ಬೆರೆತೇ ಬರುತ್ತಿತ್ತು. ಅದು ದನದ ಪಾಲು. ಹೀಗಾಗಿ ಉಮಿ ಘಟ್ಟದ ಮೇಲಿಂದ ಲಾರಿಯಲ್ಲಿ ಬರತೊಡಗಿತು, ಶಿರಾಡಿ ಇಳಿದೋ, ಸಂಪಾಜೆ ಇಳಿದೋ. ತೂಕವಿಲ್ಲದ ಸರಕು, ಲಾರಿ ಮಾತ್ರ ಭರ್ತಿ. “ನಾವು ಬಾಡಿಗೆ ಕೊಡುವುದು ಗಾಳಿಗೆ ಮಾರಾಯ್ರೆ,” ಎಂದು ನೆರೆಮನೆಯ ಗೌಡರು ನಗುತ್ತಿದ್ದರು.

2018ರ ಆಗಸ್ಟಿನಲ್ಲಿ ಆ ನಗುವೂ ನಿಂತಿತು. ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿತು, ಶಿರಾಡಿಯಲ್ಲೂ ಲಾರಿ ಇಲ್ಲ. ಬೆಳಗಾದರೆ ಫೋನು: “ಉಮಿ ಉಂಟಾ? ಮರಿ ಬರ್ಲಿಕ್ಕೆ ಆಯ್ತು.”

ಆಗ ಎಲ್ಲರೂ ಹಿತ್ತಿಲ ಕಡೆ ನೋಡಿದರು. ಮರದ ಮಿಲ್ಲಿನ ಹುಡಿ ಹತ್ತಿರವೇ ಸಿಗುತ್ತದೆ, ಆದರೆ ರಬ್ಬರ್ ಮರದ ಹಸಿ ಹುಡಿಗೆ ಬೂಷ್ಟು ಹಿಡಿಯಲು ತಡವಿಲ್ಲ. ಆ ಬೂಷ್ಟಿನ ದೂಳು ಮರಿಗಳ ಶ್ವಾಸಕೋಶಕ್ಕೆ ಇಳಿದರೆ ಕತೆ ಮುಗಿಯಿತು. ನುಣುಪಾದ ಹುಡಿಯನ್ನು ಆಹಾರವೆಂದು ಹೆಕ್ಕುವುದೂ ಉಂಟು, ಅದಕ್ಕೇ ಮೊದಲ ದಿನಗಳಲ್ಲಿ ಮೇಲೆ ಪೇಪರು ಹಾಸುವುದು. ತೆಂಗಿನ ನಾರಿನ ಹುಡಿ ನೀರು ಹೀರುವುದರಲ್ಲಿ ಗಟ್ಟಿಗ. ಹೀರಿದ್ದನ್ನು ನಮ್ಮ ಮಳೆಗಾಲದಲ್ಲಿ ಬಿಟ್ಟುಕೊಡುವುದಿಲ್ಲ, ಹೆಪ್ಪುಗಟ್ಟಿ ಕೂರುತ್ತದೆ. ಕೊಕ್ಕೋ ಸಿಪ್ಪೆಯ ಸುದ್ದಿಯೇ ಬೇಡ. ಇನ್ನು ಮನೆ ಮನೆಯ ಹಿಂದೆ ರಾಶಿ ಬಿದ್ದಿರುವ ಚಾಲಿ ಅಡಿಕೆಯ ಸಿಪ್ಪೆ. ಹಾಗೇ ಹಾಕಿದರೆ ನಾರು ಕಾಲಿಗೆ ಸಿಕ್ಕಿಕೊಳ್ಳುತ್ತದೆ, ಕೋಳಿಗೆ ಕೆದಕಲಾಗುವುದಿಲ್ಲ. ಹುಲ್ಲು ಕತ್ತರಿಸುವ ಮೆಷಿನ್ನಿಗೆ ಕೊಟ್ಟು, ಉಳಿದಿದ್ದ ಉಮಿಯ ಜೊತೆ ಕಲಸಿ ಹಾಕಿದವರು ಹೇಗೋ ಆ ಬ್ಯಾಚ್ ದಾಟಿಸಿದರು.

ನನ್ನ ಲೆಕ್ಕದಲ್ಲಿ ಯಾವುದನ್ನು ಹಾಸಿದಿರಿ ಎನ್ನುವುದು ಆಮೇಲಿನ ಮಾತು; ಆಟಿ ತಿಂಗಳಲ್ಲಿ ಅದನ್ನು ಒಣಗಿಸಿ ಇಟ್ಟುಕೊಂಡಿರಾ ಎನ್ನುವುದು ಮೊದಲು. ಹಳಬರು ಶೆಡ್ಡಿಗೆ ಹೊಕ್ಕವರೇ ಬಗ್ಗಿ ಒಂದು ಮುಷ್ಟಿ ಹಾಸು ಹಿಂಡಿ ಬಿಡುತ್ತಾರೆ. ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಅಂದೇ ಕೊಕ್ಕೆ ಹಿಡಿದು ಮಗುಚಬೇಕು, ಸುಣ್ಣದ ಹುಡಿ ಹಾಕಬೇಕು. ತಡ ಮಾಡಿದರೆ ಕಣ್ಣುರಿಸುವ ಅಮೋನಿಯಾ, ಹಿಂದೆಯೇ ರಕ್ತಭೇದಿ. ಇರಿಚಲಿಗೆ ಹೆದರಿ ಟರ್ಪಾಲು ಪೂರ್ತಿ ಇಳಿಸಿದರೆ ತೇವ ಒಳಗೇ ಉಳಿಯುತ್ತದೆ. ನೀರು ಚೆಲ್ಲುತ್ತಿದ್ದ ಗಂಟೆಯಾಕಾರದ ಪಾತ್ರೆ ಹೋಗಿ ನಿಪ್ಪಲ್ ಬಂದದ್ದು ಉಮಿಗಿಂತ ದೊಡ್ಡ ಉಪಕಾರ ಎನ್ನುತ್ತೇನೆ ನಾನು.

ರಸ್ತೆ ತೆರೆದ ಮೇಲೆ ಎಲ್ಲರೂ ಮತ್ತೆ ಉಮಿಗೇ ಮರಳಿದರು. ಕೋಳಿಗಿಂತ ಹೆಚ್ಚಾಗಿ ಅದು ಅಡಿಕೆ ತೋಟದವರ ಹಟ. ಮರದ ಹುಡಿ ಬೇಗ ಕೊಳೆಯುವುದಿಲ್ಲ, ಅದರ ಗೊಬ್ಬರ ಅವರಿಗೆ ಬೇಡ. ಬ್ಯಾಚ್ ಖಾಲಿಯಾದ ಮೇಲೆ ಪಿಕಪ್ ತರುವವರು ಗೋಣಿಯ ಬಾಯಿ ಬಿಚ್ಚಿ, “ಉಮಿಯದ್ದಾ, ಹುಡಿಯದ್ದಾ?” ಎಂದು ಕೇಳಿದ ಮೇಲೆಯೇ ದರದ ಮಾತೆತ್ತುತ್ತಾರೆ.